ಡ್ರಮ್ಮಿಗೆ ಬೈದ ದೋಣಿಯಕ್ಕ

ದಡದ ಮೆಟ್ಟಿಲ ಮೇಲೆ ಅಪ್ಪ ಅಮ್ಮಂದಿರೆಲ್ಲ ಸಾಲಾಗಿ ಕೂತು ನೋಡುತ್ತಿರುವಾಗಲೇ ದೋಣಿಯಕ್ಕ ಒಂದು ಡ್ರಮ್ಮಿಗೆ ಬೈದಳು. ಸಣ್ಣಪುಟ್ಟ ಬೈಗುಳವಲ್ಲ. "ಏ ಕೆಂಪು ಜಾಕೆಟ್, ಹುಟ್ಟು ಹಾಕ್ತೀಯಾ ಇಲ್ಲ ಅಲ್ಲೇ ಬೇರು ಬಿಡ್ತೀಯಾ? ಕೂರೋಕೆ ಮನೇಲಿ ಸೋಫಾ ಇಲ್ವಾ?" ಎಂದು ಗಂಟಲು ಹರಿಯುವಂತೆ ಕೂಗಿದಳು. ಕೆಂಪು ಜಾಕೆಟ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ದೋಣಿಗಳು ತಿರುಗಬೇಕಾದ ಜಾಗ ತೋರಿಸಲು ತೇಲಬಿಟ್ಟ ಕೆಂಪು ಪ್ಲಾಸ್ಟಿಕ್ ಡ್ರಮ್ಮು ಹೇಗೆ ತಾನೇ ಅಲುಗೀತು? ನಿಜವಾದ ಕೆಂಪು ಜಾಕೆಟ್ಟಿನ ಹುಡುಗಿ ಆಗಲೇ ದಡ ಸೇರಿ, ಬೈಗುಳ ಕೇಳುತ್ತ ಬಿಸ್ಕತ್ತು ತಿನ್ನುತ್ತಿದ್ದಳು.

ಕೆರೆಯಂಚಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಹುಟ್ಟು ಹಾಕುವುದನ್ನು ಕಲಿಸುವುದು ದೋಣಿಯಕ್ಕನ ಕೆಲಸ. ಮದುವೆಗೂ ಮುಂಚಿನಿಂದ ಅದೇ ಕೆಲಸ, ಅದೇ ನೀರು. ಮೇಲಿನ ಬಿಸಿಲನ್ನು ಟೋಪಿ ನೋಡಿಕೊಳ್ಳುತ್ತಿತ್ತು. ನೀರು ಕನ್ನಡಿಯ ಹಾಗೆ ಹಿಡಿದು ಕೆಳಗಿನಿಂದ ಎಸೆಯುವ ಬಿಸಿಲನ್ನು ಮಾತ್ರ ಕಣ್ಣುಗಳೇ ನೋಡಿಕೊಳ್ಳಬೇಕಾಗಿತ್ತು. ಸಂಜೆ ಮನೆಗೆ ಬಂದರೆ ಎರಡೂ ಕೆಂಡ. ಅವಳ ಗಂಡ ದರ್ಜಿ. ಹೊಲಿಗೆ ಯಂತ್ರದಿಂದ ತಲೆಯೆತ್ತಿ, "ಇವತ್ತು ಬಿಸಿಲಾ, ಸಿಟ್ಟಾ? ಮೊದಲೇ ಹೇಳಿಬಿಡು, ನೋಡ್ಕೊಂಡು ಮಾತಾಡ್ತೀನಿ," ಎನ್ನುತ್ತಿದ್ದ. ಡ್ರಮ್ಮಿನ ದಿನ ಅವಳು "ಎರಡೂ" ಎಂದಳು. ಅವನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದ.

ಮರುದಿನ ಕಣ್ಣಿನ ಡಾಕ್ಟರು ದೀಪ ಹಿಡಿದು ಅವಳ ಕಣ್ಣು ನೋಡಿದರು. ಮೂಗಿನ ಕಡೆಯಿಂದ ಬಿಳಿಗುಡ್ಡೆಯ ಮೇಲೆ ತೆಳ್ಳಗೆ ಮಾಂಸ ಬೆಳೆದು, ಕರಿಗುಡ್ಡೆಯತ್ತ ಹೊರಟಿತ್ತು.

"ಇನ್ನೂ ಮುಂದೆ ಬಂದ್ರೆ ಕತ್ತರಿಸಬೇಕಾಗುತ್ತೆ. ಕತ್ತರಿಸಿದ್ರೂ ಹೀಗೇ ಬಿಸಿಲಿಗೆ ಕಣ್ಣು ಕೊಟ್ರೆ ಮತ್ತೆ ಬರಬಹುದು. ಪಕ್ಕದಿಂದಲೂ ಮುಚ್ಚೋ ಕಪ್ಪು ಕನ್ನಡಕ ಹಾಕ್ಕೊಳ್ಳಿ. ಅತಿನೇರಳೆ ಕಿರಣ ತಡೆಯೋದು, ನೀರಿನ ಹೊಳಪು ತಡೆಯೋದು. ಮೋಡ ಇದ್ರೂ ತೆಗೀಬೇಡಿ."

ಅಷ್ಟರಲ್ಲಿ ಡ್ರಮ್ಮಿನ ಸುದ್ದಿ ಕ್ಲಬ್ಬಿನ ಕಾರ್ಯದರ್ಶಿಗಳ ಕಿವಿ ಮುಟ್ಟಿತ್ತು.

"ಮೇಡಂ, ಇನ್ಮೇಲೆ ಲೈಫ್ ಜಾಕೆಟ್ ಕೊಡೋ ಕೌಂಟರಲ್ಲಿ ಕೂತ್ಕೊಳ್ಳಿ. ನೆರಳಿದೆ, ಫ್ಯಾನಿದೆ."

"ಫ್ಯಾನ್ ನಿಮಗಿರಲಿ ಸಾರ್. ನೀರಿನ ಮೇಲೆ ಕಪ್ಪು ಕನ್ನಡಕ ಹಾಕ್ಕೊಳ್ಳೋಕೆ ಬಿಡಿ, ಸಾಕು."

"ಅದಾಗಲ್ಲ. ಕಲಿಸೋರ ಕಣ್ಣು ಮಕ್ಕಳಿಗೆ ಕಾಣಬೇಕು, ಆಗಲೇ ನಂಬಿಕೆ ಬರೋದು. ನಿಯಮ ಇದೆಯಲ್ಲ."

ಈ ಮಾತನ್ನು ಅವರು ಕೋಣೆಯೊಳಗೆ, ಪರದೆ ಎಳೆದ ಕಿಟಕಿಯ ಪಕ್ಕ, ಕಪ್ಪು ಕನ್ನಡಕ ಹಾಕಿಕೊಂಡೇ ಹೇಳಿದರು.

"ನನ್ನ ಕಣ್ಣು ಮಕ್ಕಳಿಗೆ ಕಾಣಬೇಕು, ಸರಿ. ಮಕ್ಕಳು ನನ್ನ ಕಣ್ಣಿಗೆ ಕಾಣೋದು ಬೇಡ್ವಾ ಸಾರ್?"

ಕಾರ್ಯದರ್ಶಿಗಳು ಫೋನು ಎತ್ತಿಕೊಂಡರು. ಅದು ರಿಂಗೇ ಆಗಿರಲಿಲ್ಲ.

ದೋಣಿಯಕ್ಕನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಇಷ್ಟು ವರ್ಷ ಮಕ್ಕಳಿಗೆ ಮೊದಲು ಜಾಕೆಟ್, ಆಮೇಲೆ ದೋಣಿ ಎಂದು ಕಲಿಸಿದವಳು ಅವಳು. ಎದೆಗೆ ರಕ್ಷಣೆ ಉಂಟು, ತಲೆಗೆ ಉಂಟು, ಕೊನೆಗೆ ದೋಣಿ ಉಜ್ಜಿಹೋಗದಂತೆ ಅದರ ಅಂಚಿಗೂ ರಬ್ಬರು ಉಂಟು. ಕಣ್ಣಿಗೆ ಮಾತ್ರ ನಿಯಮ! ಹೋಗಲಿ, ಆ ನಿಯಮವಾದರೂ ಯಾಕೆ ಹುಟ್ಟಿತು? ಕ್ಲಬ್ಬಿನ ಜಾಹೀರಾತಿನ ಫೋಟೋದಲ್ಲಿ ನಗುವ ಕಣ್ಣುಗಳು ಚೆನ್ನಾಗಿ ಬರುತ್ತವೆಂದು. ಅವಳ ಕಣ್ಣು ನಕ್ಕು ಯಾವ ಕಾಲವಾಯಿತೋ.

"ಕೌಂಟರಿಗೆ ಹೋಗ್ತೀಯಾ?" ಎಂದು ಗಂಡ ಕೇಳಿದ.

"ನನ್ನ ಹೆಣ ಹೋಗುತ್ತೆ."

ಅವನು, ಅವಳು ಕೊಂಡು ತಂದ ಕನ್ನಡಕಕ್ಕೆ ನೀರಿಗೆ ಬಿದ್ದರೂ ಮುಳುಗದ ಹಾಗೆ ಸ್ಪಂಜು ತುಂಬಿದ ಪಟ್ಟಿ ಹೊಲಿದುಕೊಟ್ಟ.

ವಾರ್ಷಿಕ ಪಂದ್ಯದ ದಿನ ಬಂತು. ಗೆಲುವಿನ ಗೆರೆಯ ಬಳಿ ದೋಣಿಯಲ್ಲಿ ನಿಂತು ಮೊದಲು ಬಂದವರನ್ನು ಸಾರುವುದು ಕಾರ್ಯದರ್ಶಿಗಳದೇ ಹಕ್ಕು. ಅವರು ದೋಣಿಗೆ ಕಾಲಿಡುತ್ತಿದ್ದಂತೆ ದೋಣಿಯಕ್ಕ ಅಡ್ಡ ನಿಂತಳು.

"ಸಾರ್, ಕನ್ನಡಕ."

"ನಾನೇನು ಕಲಿಸ್ತೀನೇನ್ರಿ?"

"ಮಕ್ಕಳಿಗೆ ನಂಬಿಕೆ ಬರಬೇಕಲ್ಲ ಸಾರ್."

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಜೇಬಿಗಿಟ್ಟರು. ಪಂದ್ಯ ಮುಗಿಯುವ ಹೊತ್ತಿಗೆ ಕೆರೆ ಕಾದ ತವರದ ತಗಡಾಗಿತ್ತು. ಅವರು ಕಣ್ಣಲ್ಲಿ ನೀರು ಸುರಿಸುತ್ತ, ಹಣೆಗೆ ಕೈ ಅಡ್ಡ ಹಿಡಿದು, ಗೆರೆ ದಾಟಿದ ಮೊದಲ ದೋಣಿಗೆ ಮೈಕಿನಲ್ಲಿ ಪ್ರಥಮ ಸ್ಥಾನ ಘೋಷಿಸಿದರು. ಅದು ಪಂದ್ಯದಲ್ಲೇ ಇರಲಿಲ್ಲ. ಯಾರಾದರೂ ಮುಳುಗಿದರೆ ಎತ್ತಲು ಇಟ್ಟ ರಕ್ಷಣಾ ದೋಣಿ. ಎರಡನೆಯವನಾಗಿಬಿಟ್ಟ ಹುಡುಗನ ಅಮ್ಮ ಅಲ್ಲೇ ಕೂತಿದ್ದರು. ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ವಾರವೇ ನಿಯಮ ಬದಲಾಯಿತು. ಕಲಿಸುವವರಿಗೂ ಮಕ್ಕಳಿಗೂ ಪಟ್ಟಿ ಕಟ್ಟಿದ ಕನ್ನಡಕ ಕಡ್ಡಾಯ. ಇದೆಲ್ಲ ತಮ್ಮದೇ ದೂರದೃಷ್ಟಿ ಎಂದು ಕಾರ್ಯದರ್ಶಿಗಳು ದಡದಲ್ಲಿ ಪೋಷಕರಿಗೆ ಭಾಷಣ ಮಾಡಿದರು. ಕೊನೆಗೆ, ನೀರಿಗಿಳಿದಿದ್ದ ದೋಣಿಯಕ್ಕನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದರು:

"ಹೇಗಿದೆ ಮೇಡಂ? ಈಗ ಎಲ್ಲಾ ಚೆನ್ನಾಗಿ ಕಾಣ್ತಿದೆಯಾ?"

ದೋಣಿಯಕ್ಕ ಹೊಸ ಕನ್ನಡಕದೊಳಗಿಂದ ಕೆರೆಯ ಆ ತುದಿಯಿಂದ ಈ ತುದಿಯವರೆಗೆ ತನ್ನ ಶಿಷ್ಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಕಾಣ್ತಿದೆ ಸಾರ್," ಎಂದಳು. "ಇಷ್ಟು ವರ್ಷ ನಾನು ಕಲಿಸಿದ್ದು ಒಬ್ಬರಿಗೂ ಬಂದಿಲ್ಲ."