ಮಗಳ ಮಂಡಿಯಲ್ಲಿ ಕಂಡ ಕಪ್ಪು

ನಾನು ಓದು ಬಿಟ್ಟಿದ್ದು ತೊಂಬತ್ತೆಂಟರಲ್ಲಿ, ಏಳನೇ ಕ್ಲಾಸಿನ ನಡುವೆ. ಅಂದಿನಿಂದ ದುಡಿದೇ ತಿಂದಿದ್ದೇನೆ. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಬಳಿ ನನ್ನ ಎಳನೀರು ಗಾಡಿ. ಕಾಯಿ ತಟ್ಟಿದರೆ ಸಾಕು, ಒಳಗೆ ಬರೀ ನೀರೋ, ಎಳೆ ತಿರುಳಿನ ಗಂಜಿ ಕಟ್ಟಿದೆಯೋ ಹೇಳಬಲ್ಲೆ.

ಹೋದ ವರ್ಷ ಅರಕೆರೆಯ ನಮ್ಮ ಅಂಗನವಾಡಿ ಟೀಚರಮ್ಮ ಬಂದು ಕೇಳಿದರು. ಮಕ್ಕಳ ಕೀಲು ನೋಡುವ ಡಾಕ್ಟರಮ್ಮನಿಗೆ ಗಟ್ಟಿಮುಟ್ಟಾದ ಮಕ್ಕಳು ಬೇಕಂತೆ; ಚೆನ್ನಾಗಿರುವ ಕೀಲು ಯಾವ ವಯಸ್ಸಿಗೆ ಹೇಗೆ ಬೆಳೆದಿರುತ್ತದೆಂದು ಸ್ಕ್ಯಾನಿಂಗ್ ಮಾಡಿ ನೋಡುತ್ತಾರಂತೆ. ಗಟ್ಟಿಮುಟ್ಟು ಅಂದದ್ದಕ್ಕೇ ನಾನು ಉಬ್ಬಿಹೋದೆ. ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಆಸ್ಪತ್ರೆಗೆ ಹೊರಟೆ.

ಮಗು ಹೆದರದಿರಲಿ ಎಂದು ಡಾಕ್ಟರಮ್ಮ ಮೊದಲು ನನ್ನ ಮಂಡಿಗೇ ತಣ್ಣನೆಯ ಜೆಲ್ ಸವರಿ ಮೆಷಿನ್ನಿನ ಹಿಡಿ ಇಟ್ಟರು. ಪರದೆಯಲ್ಲಿ ಬೆಳ್ಳಗೆ ಒಂದು ಗೆರೆ. "ಇದೇ ನಿಮ್ಮ ಮಂಡಿ ಚಿಪ್ಪು," ಎಂದರು. ಆಮೇಲೆ ಮಗಳ ಮಂಡಿ. ಗೆರೆಯೇ ಇಲ್ಲ. ಕಪ್ಪು.

ಡಾಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ನಾನು ಫೋನ್ ಹಿಡಿದು ಹೊರಗೆ ಬಂದಿದ್ದೆ. ಬಾಣಂತನದಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಕಾಲೆಳೆದು ನೀವಿ ನೀರು ಹಾಕಿದ್ದವಳು ನನ್ನ ಅವ್ವ.

"ಅವ್ವಾ, ಮಂಡಿ ನೀವಿ ನೀವಿ ಏನವ್ವ ಮಾಡ್ಬುಟ್ಟೆ? ಮಗೀಗೆ ಚಿಪ್ಪೇ ಇಲ್ವಂತೆ!"

"ಯಾವನ್ಲಾ ಅಂಗಂದೋನು? ನಿಂಗೂ ಅಂಗೇ ನೀವಿದ್ದು ಕಣ್ಲಾ! ನೀನು ಮರ ಅತ್ತಲಿಲ್ವಾ?" ಎಂದವಳ ದನಿ ಅಲ್ಲಿಗೇ ಒಡೆಯಿತು.

ಯಾರೂ ಹಾಗೆ ಅಂದಿರಲಿಲ್ಲ. ನಾನೇ ನೋಡಿ ನಾನೇ ಅಂದದ್ದು.

"ಎಲ್ಲಿಗೆ ಓಡಿದ್ರಿ?" ಡಾಕ್ಟರಮ್ಮ ಒಳಗೆ ಕರೆದರು. "ಮಗು ಚೆನ್ನಾಗಿದಾಳೆ. ಈ ವಯಸ್ಸಿಗೆ ಚಿಪ್ಪು ಮೆತ್ತಗೇ ಇರುತ್ತೆ, ಅದಕ್ಕೇ ಕಪ್ಪು. ನಡುವೆ ಆ ಬಿಳಿ ಚುಕ್ಕೆ ನೋಡಿ, ಮೂಳೆ ಈಗ ಕಟ್ಟೋಕೆ ಶುರುವಾಗಿದೆ."

ಸಾಸಿವೆಯಷ್ಟು ಚುಕ್ಕೆ. ಗಂಜಿ ಹೊರಗಿನಿಂದ ಒಳಕ್ಕೆ ಕಟ್ಟುವುದನ್ನು ಕಂಡವನು ನಾನು. ಮೂಳೆ ನಡುವಿನಿಂದ ಹೊರಕ್ಕೆ ಕಟ್ಟುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಇಷ್ಟು ಎಳೆಯ ಮಂಡಿಯಲ್ಲೇ ಇವಳು ಜಗಲಿಯಿಂದ ನೆಗೆಯುತ್ತಿದ್ದಳೇ?

ಮನೆಗೆ ಬಂದು ಅವ್ವನಿಗೆ ಚುಕ್ಕೆಯ ವಿಷಯ ಹೇಳಿದೆ. ತಪ್ಪಾಯಿತು ಎಂದೆ. "ಬುಡ್ಲಾ," ಎಂದಳು ಅವ್ವ. ಮಗುವಿಗೆ ಈಗಲೂ ಅವಳೇ ನೀರು ಹಾಕುವುದು. ಆದರೆ ಮಂಡಿ ಬಂದಾಗ ಕೈ ತೆಗೆದು, ಚೊಂಬಿನಿಂದ ನೀರಷ್ಟೇ ಸುರಿಯುತ್ತಾಳೆ.

ಈಗ ನನಗಿರುವುದು ಒಂದು ಗಾಡಿ, ಎರಡು ಮಚ್ಚು, ಹನ್ನೊಂದು ತೆಂಗಿನ ಮರ, ಹೆಂಡತಿ, ಮಗಳು, ಅವ್ವ.