ಹುಡುಗ ಭಾಳ ಸೀರಿಯಸ್ ಅದಾನ್ರಿ

ಕಳೆದ ಭಾನುವಾರ ತಿಳವಳ್ಳಿಯ ಅಕ್ಕನ ಮನೆಯಲ್ಲಿ ರೊಟ್ಟಿ ತಿನ್ನುತ್ತ ಕುಳಿತಿದ್ದೆ. ಬಾಗಿಲಿಗೆ ಒಂದು ಕಾರು ಬಂತು. ಇಳಿದವರ ಮುಖ ನೋಡಿದರೆ ಯಾರೋ ಹೋಗೇಬಿಟ್ಟಂತಿತ್ತು. ಕೈಯಲ್ಲಿ ಸೇಬು, ಎಳನೀರು, ಬ್ರೆಡ್ಡು.

ಬಂದವರು ಹಂಸಭಾವಿಯ ಬೀಗರು. (ಇನ್ನೂ ಬೀಗರಾಗಿರಲಿಲ್ಲ. ಆಗುವ ಮಾತಿತ್ತು, ಅಷ್ಟೇ.)

ಅಕ್ಕನ ಮಗ ಮಹೇಶ ಹಿಂದಿನ ವಾರ ಅವರ ಮಗಳು ಶೋಭಾಳನ್ನು ನೋಡಿಬಂದಿದ್ದ. ನೋಡಿಬಂದಿದ್ದ ಅನ್ನುವುದೂ ತಪ್ಪು. ಉಪ್ಪಿಟ್ಟಿನ ತಾಟನ್ನಷ್ಟೇ ನೋಡಿಬಂದಿದ್ದ. ಪಂಪ್‌ಸೆಟ್ ರಿಪೇರಿ ಮಾಡುವ ಈ ಹುಡುಗ ಮೋಟರ್ ಬಿಟ್ಟರೆ ಯಾರ ಜೊತೆಗೂ ಹೆಚ್ಚು ಮಾತಾಡುವವನಲ್ಲ. ಹಾಗಾಗಿ ಶೋಭಾ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ಈ ಭಾನುವಾರ ಬೆಳಿಗ್ಗೆ ಅವಳ ಅಪ್ಪ ಫೋನ್ ಮಾಡಿದ್ದಾರೆ. ಮಾತು ಶುರು ಮಾಡಲೆಂದು, "ಹುಡುಗ ಹ್ಯಾಂಗ ಅದಾನ್ರಿ?" ಅಂದಿದ್ದಾರೆ. ಗುಣ ವಿಚಾರಿಸುತ್ತಿದ್ದಾರೆ ಎಂದುಕೊಂಡ ನಮ್ಮಕ್ಕ ಹೆಮ್ಮೆಯಿಂದ, "ಭಾಳ ಸೀರಿಯಸ್ ಅದಾನ್ರಿ" ಅಂದಿದ್ದಾಳೆ.

ಅಲ್ಲಿಗೆ ಫೋನ್ ಕಟ್. ಅವರು ಮತ್ತೆ ಮತ್ತೆ ಹಚ್ಚಿದರೂ ಹತ್ತಲಿಲ್ಲವಂತೆ.

ನಮ್ಮ ಕಡೆ ಸೀರಿಯಸ್ ಅಂದರೇನು? ಪೇಷಂಟು ಐಸಿಯುನಲ್ಲಿದ್ದಾನೆ, ನೆಂಟರು ಬಂದು ಮುಖ ನೋಡಿಕೊಂಡು ಹೋಗಲಿ ಎಂದು. ಡಿಕ್ಷನರಿಯಲ್ಲಿ ಬೇರೆ ಅರ್ಥಗಳೂ ಇರಬಹುದು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಇದೊಂದೇ ಸಾಕಾಗಿದೆ.

ಅಷ್ಟರಲ್ಲಿ ನಮ್ಮ ಪೇಷಂಟು ಗ್ರೀಸ್ ಕೈ ಒರೆಸಿಕೊಳ್ಳುತ್ತ ಹಿತ್ತಲಿನಿಂದ ಬಂದ. ಹುಡುಗಿಯ ಅಪ್ಪ ಎಳನೀರು ಹಿಡಿದುಕೊಂಡೇ ನಿಂತುಬಿಟ್ಟರು. ವಿಷಯ ತಿಳಿದ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಾರಿನಿಂದ ಕೊನೆಗೆ ಇಳಿದವಳು ಶೋಭಾ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ನೀನು ಬರುವುದು ಬೇಡ ಎಂದು ಮನೆಯವರೆಲ್ಲ ಹೇಳಿದ್ದರಂತೆ. (ಮದುವೆಗೆ ಮುಂಚೆ ಹುಡುಗನ ಮನೆಗೆ ಹೋಗುವುದೇ?) ಅವಳು ಕೇಳಿರಲಿಲ್ಲ.

ಮಹೇಶ ಅವಳನ್ನು ಸರಿಯಾಗಿ ನೋಡಿದ್ದೇ ಆಗ. ತನಗೇನೂ ಆಗಿಲ್ಲ ಎಂದು ತೊದಲಿದ.

"ಹಂಗಾದ್ರ ಅವತ್ತ ಯಾಕ ಮಾತಾಡ್ಲಿಲ್ರಿ?" ಶೋಭಾ ಎಲ್ಲರ ಎದುರಿಗೇ ಕೇಳಿದಳು.

ಅವನು ನೆಲ ನೋಡುತ್ತ ಹೇಳಿದ: "ಮಾತಾಡಿದ್ರ ನೀವು ಒಲ್ಲೆ ಅಂದೀರಿ ಅಂತ ಅಂಜಿಕಿ ಆಗಿತ್ರಿ."

ಅವಳು ಕಣ್ಣೊರೆಸಿಕೊಂಡು ನಕ್ಕಳು. ಅಪ್ಪನ ಕಡೆ ತಿರುಗಿ ಹೂಂ ಎಂದು ತಲೆಯಾಡಿಸಿದಳು. ಅಲ್ಲಿಯೇ ಸಕ್ಕರೆ ಹಂಚಿದ್ದಾಯಿತು.

ಹೀಗಿರುವಾಗ, ಹೆಣ್ಣು ಹುಡುಕುತ್ತಿರುವ ತಂದೆತಾಯಿಗಳೇ, ನಿಮ್ಮ ಹುಡುಗ ಹೇಗಿದ್ದಾನೆ ಎಂದು ಯಾರಾದರೂ ಕೇಳಿದರೆ ದಯವಿಟ್ಟು 'ಆರಾಮ ಅದಾನ್ರಿ' ಎಂದು ಹೇಳಿ ಕೆಡಿಸಬೇಡಿ.