ಗೋಡೆಯ ಕಡೆಗಿದ್ದ ಮೈ

ಖಾನಾಪುರದ ಹೊರಗೆ ಮುದಿ ಎತ್ತುಗಳನ್ನು ಸಾಕುವ ಒಂದು ಕೊಟ್ಟಿಗೆಗೆ ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಬೆಳಗಾವಿಯ ಕೆಲವು ಜೈನ ಮನೆತನದವರು ಸೇರಿ ನಡೆಸುವ ಜಾಗ ಅದು. ದುಡಿಯಲಾರದ ಎತ್ತನ್ನು ಮಾರಲು ಮನಸ್ಸು ಬಾರದವರು ಅಲ್ಲಿಗೆ ತಂದು ಬಿಡುತ್ತಿದ್ದರು. ನಾನು ದನದ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಬೆಳಗಾವಿಯ ಹಿಂದವಾಡಿಯಲ್ಲಿದ್ದವನು. ಡಾಕ್ಟರ್ ಅಲ್ಲ, ಡಾಕ್ಟರ ಜೊತೆ ಓಡಾಡಿದವನು. ಎತ್ತುಗಳು ಹೇಗಿವೆ ಎಂದು ನೋಡಿ ಬರೆದುಕೊಡಲು ಒಬ್ಬರು ಬೇಕೆಂದು ಅವರು ಕೇಳಿದರು. ಒಪ್ಪಿಕೊಂಡೆ. ಬರೆಯುವ ಹಾಳೆಯನ್ನೂ ನಾನೇ ತಯಾರಿಸಿದೆ.

ಒಂದೊಂದು ಎತ್ತಿಗೆ ಒಂದೊಂದು ಹಾಳೆ. ಪಕ್ಕೆಲುಬು ಎದ್ದು ಕಾಣುತ್ತವೆಯೇ. ಗೊರಸು ಬೆಳೆದಿದೆಯೇ. ನೀರಿನ ತೊಟ್ಟಿಗೆ ಬಾಯಿ ನಿಲುಕುತ್ತದೆಯೇ. ಮೈಮೇಲೆ ಗಾಯವಿದೆಯೇ. ಕೊನೆಯ ಪ್ರಶ್ನೆ, ತಾನಾಗಿ ಏಳುತ್ತದೆಯೇ. ಈ ಕೊನೆಯದಕ್ಕೆ ‘ಇಲ್ಲ’ ಎಂದು ಬರೆದರೆ ಆ ಎತ್ತನ್ನು ಟೆಂಪೊದಲ್ಲಿ ಹಾಕಿ ಸಾಂಬ್ರಾ ಕಡೆಗಿದ್ದ ಇನ್ನೊಂದು ಕೊಟ್ಟಿಗೆಗೆ ಕಳಿಸಬೇಕೆಂಬುದು ನಿಯಮ. ಅಲ್ಲಿ ದಿನಾ ಡಾಕ್ಟರ್ ಬರುತ್ತಿದ್ದರು. ನೆಲಕ್ಕೆ ದಪ್ಪಗೆ ಉಸುಕು ಹಾಸಿರುತ್ತಿತ್ತು. ಹೊಟ್ಟೆಗೆ ಪಟ್ಟಿ ಕಟ್ಟಿ ಮೆಲ್ಲಗೆ ಎತ್ತಿ ನಿಲ್ಲಿಸುವ ರಾಟೆಯೂ ಇತ್ತು. ಬಿದ್ದ ಎತ್ತುಗಳು ಅಲ್ಲಿಯೂ ಹೆಚ್ಚು ಕಾಲ ಬದುಕುತ್ತಿರಲಿಲ್ಲ, ಆದರೆ ಇದ್ದಷ್ಟು ದಿನ ನೋವು ಕಡಿಮೆ ಇರುತ್ತಿತ್ತು.

ಖಾನಾಪುರದ ಕೊಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತರ ಹತ್ತಿರದ ಒಬ್ಬ ಮುದುಕರು. ಅವರೂ ಅವರ ಹೆಂಡತಿಯೂ ಅಲ್ಲೇ ಒಂದು ಖೋಲಿಯಲ್ಲಿದ್ದರು. ಗೋಡೆಯ ಬದಿಗೆ ಕಟ್ಟಿದ್ದ ಬಿಳಿ ಎತ್ತು ಒಂದು ಕಾಲಕ್ಕೆ ಅವರದೇ. ನಂದಗಡದ ಆಚೆಗಿದ್ದ ಅವರ ಹೊಲವನ್ನು ಈಗ ಟ್ರ್ಯಾಕ್ಟರ್ ಉಳುತ್ತಿತ್ತು. ಜೋಡಿಯಲ್ಲಿ ಒಂದು ಸತ್ತ ಮೇಲೆ ಉಳಿದ ಇದನ್ನು ಇಲ್ಲಿ ಬಿಟ್ಟುಹೋಗಲು ಬಂದವರು, ಬಿಟ್ಟುಹೋಗಲಾಗದೆ ಕೆಲಸಕ್ಕೆ ನಿಂತುಬಿಟ್ಟರು.

“ಎತ್ತಿನ ಬೆನ್ನ ಹತ್ತಿ ಇವರು ಬಂದ್ರು, ಇವರ ಬೆನ್ನ ಹತ್ತಿ ನಾ ಬಂದೆ,” ಎಂದು ಆ ತಾಯಿ ಚಹಾ ಕೊಡುತ್ತಾ ಹೇಳಿದ್ದರು. “ಇವರದೂ ಒಂದು ಹಾಳಿ ತುಂಬ್ರಿ ಸಾಹೇಬ್ರ. ಹಲ್ಲು ನಾಕ ಉಳದಾವ. ಕಿವಿ ತಮಗ ಬೇಕಾದ್ದಷ್ಟ ಕೇಳ್ತಾವ. ಎಬ್ಬಿಸಿದ್ರ ಏಳ್ತಾರ.”

“ನೀ ಸುಮ್ನಿರ,” ಎಂದರು ಮುದುಕರು.

ನಾನು ನಕ್ಕು ಚಹಾ ಕುಡಿದೆ. ಹೆಂಡತಿಯ ಆ ಕೊನೆಯ ಮಾತಿಗೆ ಅವರು ಅಷ್ಟು ಬೇಗ ತಡೆ ಹಾಕಿದ್ದು ಆಗ ಗಮನಕ್ಕೆ ಬರಲಿಲ್ಲ.

ನಾನು ಹೋಗುವ ಹಿಂದಿನ ದಿನ ಫೋನ್ ಮಾಡುತ್ತಿದ್ದೆ. ಬೆಳಗಾವಿಯಿಂದ ಬಸ್ಸು ಹಿಡಿದು ಕೊಟ್ಟಿಗೆ ಮುಟ್ಟುವಾಗ ಹನ್ನೊಂದು ಗಂಟೆ ಆಗಿರುತ್ತಿತ್ತು. ಅಷ್ಟು ಹೊತ್ತಿಗೆ ಎಲ್ಲ ಎತ್ತುಗಳೂ ಎದ್ದು ಮೇವು ತಿನ್ನುತ್ತಿರುತ್ತಿದ್ದವು. ಬಿಳಿ ಎತ್ತೂ ನಿಂತಿರುತ್ತಿತ್ತು. ಮುದುಕರು ಅದರ ಎಡಗಡೆ ನಿಂತು ಎತ್ತಿನ ಸೊಂಟದ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದರು. ನಾನು ಎಡಗಡೆಯಿಂದಲೇ ನೋಡಿ, ಒಂದು ಫೋಟೊ ತೆಗೆದು, ಗಾಯ ‘ಇಲ್ಲ’, ಏಳುವುದು ‘ಹೌದು’ ಎಂದು ಬರೆದು ಮುಂದಿನದಕ್ಕೆ ಹೋಗುತ್ತಿದ್ದೆ.

ಒಮ್ಮೆ ಹಾಗೆ ಬರೆಯುತ್ತಿದ್ದಾಗ ಅವರು ಕೇಳಿದರು. “ಸಾಹೇಬ್ರ, ಟೆಂಪೊ ಹತ್ತಿ ಹೋದದ್ದು ಒಂದರ ತಿರುಗಿ ಬಂದೈತೇನ್ರಿ?”

“ಅಲ್ಲಿ ಚೊಲೊ ನೋಡ್ಕೋತಾರ ಕಾಕಾ,” ಎಂದೆ.

“ಖರೇ ಏನ್ರಿ,” ಎಂದರು. ನಾನು ಹಾಳೆಯಿಂದ ತಲೆ ಎತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಂದಗಡದ ನಮ್ಮ ಬೀಗರ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಬೀಗರ ಮಗ ಮೋಟರ್ ಸೈಕಲ್ ಮೇಲೆ ಖಾನಾಪುರದವರೆಗೆ ಬಿಟ್ಟ. ಬೆಳಗಾವಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೊಟ್ಟಿಗೆಗೆ ನಾನು ಹೋಗುವ ತಾರೀಖಿಗೆ ಇನ್ನೂ ಎರಡು ದಿನವಿತ್ತು. ಹೇಗೂ ಬಂದಿದ್ದೇನೆ, ನೋಡಿ ಹೋದರಾಯಿತು ಎಂದು ನಡೆದೆ. ಫೋನ್ ಮಾಡಲಿಲ್ಲ.

ಏಳೂವರೆಯ ಬಿಸಿಲು ಆಗಷ್ಟೇ ಬಾಗಿಲಿಗೆ ಬಂದಿತ್ತು. ಒಳಗೆ ಬಿಳಿ ಎತ್ತು ಬಲ ಮಗ್ಗುಲಾಗಿ ನೆಲಕ್ಕೆ ಬಿದ್ದಿತ್ತು. ಅದರ ಹೊಟ್ಟೆಯ ಕೆಳಗೆ ಗೋಣಿಚೀಲ ಮಡಚಿ ಹೊಲಿದ ಒಂದು ಪಟ್ಟಿ ತೂರಿಸಿದ್ದರು. ಪಟ್ಟಿಯ ಒಂದು ತುದಿ ಮುದುಕರ ಕೈಯಲ್ಲಿ, ಇನ್ನೊಂದು ಅವರ ಹೆಂಡತಿಯ ಕೈಯಲ್ಲಿ.

“ಏಳಪಾ,” ಎನ್ನುತ್ತಿದ್ದರು ಅವರು. “ನಾಡದ ಸಾಹೇಬ್ರ ಬರ್ತಾರ. ಇವತ್ತ ಎದ್ದಿ ಅಂದ್ರ ನಾಡದನೂ ಏಳ್ತಿ.”

“ಬಿಡ್ರಿ ಇನ್ನ. ಎಷ್ಟ ತ್ರಾಸ ಕೊಡ್ತೀರಿ ಅದಕ್ಕ,” ಎಂದರು ಹೆಂಡತಿ.

“ಬಿಟ್ರ ಟೆಂಪೊ ಬರ್ತದ.”

ಆಗ ನನ್ನನ್ನು ಕಂಡರು. ಎತ್ತು ಅರ್ಧ ಎದ್ದು ಮುಂಗಾಲ ಮೊಣಕಾಲಿನ ಮೇಲೆ ನಡುಗುತ್ತಿತ್ತು. ನಾನು ಚೀಲ ಕೆಳಗಿಟ್ಟು ಪಟ್ಟಿಗೆ ಕೈ ಹಚ್ಚಿದೆ. ದವಾಖಾನೆಯಲ್ಲಿದ್ದವನ ರೂಢಿ, ಯೋಚಿಸಿ ಮಾಡಿದ್ದಲ್ಲ. ಮೂವರೂ ಸೇರಿ ಎತ್ತಿದೆವು. ಅದು ನಿಂತು, ಬಲಗಡೆಯ ಗೋಡೆಗೆ ಒರಗಿತು. ಮುದುಕರು ಎಡಗಡೆಯಿಂದ ಸೊಂಟಕ್ಕೆ ಕೈ ಕೊಟ್ಟು ಅದನ್ನು ಗೋಡೆಗೆ ಒತ್ತಿ ಹಿಡಿದರು. ಆ ಕೈ ಅದೇ ಜಾಗದಲ್ಲಿ ಇರುವುದನ್ನು ನಾನು ಎಷ್ಟು ಸಲ ನೋಡಿದ್ದೆ.

“ಸ್ವಲ್ಪ ಈಚಿ ತರ್ರಿ ಕಾಕಾ,” ಎಂದೆ. ಪಟ್ಟಿಯನ್ನು ಅವರಿಬ್ಬರೂ ಹಿಡಿದುಕೊಂಡರು. ಅಷ್ಟು ತಿಂಗಳಲ್ಲಿ ಮೊದಲ ಸಲ ನಾನು ಎತ್ತಿಗೂ ಗೋಡೆಗೂ ನಡುವೆ ಹೋದೆ. ಗೋಡೆಯ ಗಾರೆ ಎತ್ತಿನ ಭುಜದ ಎತ್ತರಕ್ಕೆ ಸವೆದು ನುಣುಪಾಗಿತ್ತು. ಸೊಂಟದ ಎಲುಬಿನ ಮೇಲೆ ಅಂಗೈ ಅಗಲದ ಹುಣ್ಣು. ಭುಜದ ಮೇಲೆ ಇನ್ನೊಂದು, ತೊಡೆಯ ಮೇಲೆ ಇನ್ನೂ ಒಂದು. ಮೂರಕ್ಕೂ ಅರಿಶಿನ ಮತ್ತು ಎಣ್ಣೆ ಕಲಸಿ ಹಚ್ಚಿದ್ದರು, ಬಹಳ ನೀಟಾಗಿ, ಅಂಚಿನವರೆಗೆ. ಸೊಂಟದ ಹುಣ್ಣಿನೊಳಗೆ ಎಲುಬು ಕಾಣುತ್ತಿತ್ತು. ಅಂಚನ್ನು ಮುಟ್ಟಿದೆ. ಎತ್ತು ಬೆದರಲಿಲ್ಲ. ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿತು.

“ಎಷ್ಟ ದಿನಾ ಆತು ಕಾಕಾ?”

“ದೀಪಾವಳಿ ಮುಂಚಿಂದ ಸ್ವಲ್ಪ ಕೈ ಹಚ್ಚಬೇಕಾಗ್ತಿತ್ತ್ರಿ. ಸ್ವಲ್ಪ ಅಷ್ಟ.” ಆಮೇಲೆ, “ಬರೀಬ್ಯಾಡ್ರಿ ಸಾಹೇಬ್ರ,” ಎಂದರು.

ನಾನು ಬರೆದೆ. ಗಾಯ ‘ಹೌದು’, ಏಳುವುದು ‘ಇಲ್ಲ’. ಆಮೇಲೆ ಸಾಂಬ್ರಾ ಕೊಟ್ಟಿಗೆಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮಧ್ಯಾಹ್ನದೊಳಗೆ ಬಂದರು. ಹುಣ್ಣನ್ನು ತೊಳೆದು, ಬಹಳ ಹೊತ್ತು ನೋಡಿ, ಸೂಜಿ ಕೊಟ್ಟರು. ಮೊದಲ ಹುಣ್ಣು ಕಂಡಾಗಲೇ ಉಸುಕಿನ ಮೇಲೆ ಹಾಕಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದರು. ಈಗ ನೋವು ತಗ್ಗಿಸುವುದಷ್ಟೇ ಉಳಿದದ್ದು. ಟೆಂಪೊದಲ್ಲಿ ಹಾಕಿದರೆ ದಾರಿಯ ಕುಲುಕಾಟದಲ್ಲೇ ಹಿಂಸೆ ಆಗುತ್ತದೆ, ಇಲ್ಲೇ ಇರಲಿ, ದಪ್ಪಗೆ ಹುಲ್ಲು ಹಾಸಿ, ಇನ್ನು ಎಬ್ಬಿಸಬೇಡಿ ಎಂದರು.

“ಕಳಸೂದಿಲ್ಲಲ್ರಿ ಹಂಗಾರ?” ಎಂದು ಮುದುಕರು ನನ್ನನ್ನು ಕೇಳಿದರು.

“ಇಲ್ಲ ಕಾಕಾ.”

ಅವರ ಮುಖ ಸಡಿಲಾಯಿತು. ಹೆಂಡತಿಯ ಕಡೆ ನೋಡಿ, “ಕೇಳಿದೇನ? ಕಳಸೂದಿಲ್ಲಂತ,” ಎಂದರು. ಡಾಕ್ಟರು ಹೇಳಿದ್ದರಲ್ಲಿ ಅವರಿಗೆ ಕೇಳಿಸಿದ್ದು ಅದೊಂದೇ. ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸೆರಗು ಬಾಯಿಗೆ ಹಿಡಿದು ಹುಲ್ಲು ತರಲು ಹೋದರು. ಗಂಡನ ಮುಖದ ಆ ಸಮಾಧಾನವನ್ನು ಮರೆಯಲು ನನಗೆ ಇನ್ನೂ ಆಗಿಲ್ಲ.

ಬಸ್ಸಿನಲ್ಲಿ ಕೂತು ಫೋನಿನಲ್ಲಿದ್ದ ಹಳೆಯ ಫೋಟೊಗಳನ್ನು ತೆಗೆದೆ. ದೀಪಾವಳಿಯಿಂದ ಈಚೆಗೆ ಮೂರು. ಮೂರರಲ್ಲೂ ಎತ್ತಿನ ಎಡ ಮೈ, ಹಿಂದೆ ಗೋಡೆ. ಮೂರರಲ್ಲೂ ಸೊಂಟದ ಮೇಲೆ ಒಂದು ಕೈ. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಅದು ಪ್ರೀತಿಯೇ ಆಗಿತ್ತು. ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಬೆರಳುಗಳು ಚರ್ಮದೊಳಗೆ ಒತ್ತಿದ್ದು, ಮಣಿಕಟ್ಟಿನ ನರ ಉಬ್ಬಿದ್ದು ಕಾಣುತ್ತದೆ. ತಾನಾಗಿ ನಿಂತ ಎತ್ತನ್ನು ಹಾಗೆ ಯಾರೂ ಮುಟ್ಟುವುದಿಲ್ಲ. ಬಿದ್ದ ದನಗಳನ್ನು ನೋಡುತ್ತಲೇ ನೌಕರಿ ಮುಗಿಸಿದವನು ನಾನು, ಇದು ತಿಳಿಯದ್ದೇನಲ್ಲ. ಒಂದು ಸುತ್ತು ಹಾಕಿ ನೋಡಬೇಕಿತ್ತು. ಅಷ್ಟೇ ಮಾಡಬೇಕಿದ್ದದ್ದು.

ನಾಲ್ಕನೆಯ ದಿನ ಆ ತಾಯಿಯ ಫೋನ್ ಬಂತು. “ಹೋತ್ರಿ ಸಾಹೇಬ್ರ,” ಎಂದರು. “ಹುಲ್ಲಿನ ಮ್ಯಾಲ ಮಕ್ಕೊಂಡ ಹೋತು. ಇವರು ತಲಿ ತೊಡಿ ಮ್ಯಾಲ ಇಟ್ಕೊಂಡಿದ್ರು.”

ಮುಂದಿನ ತಿಂಗಳು ಫೋನ್ ಮಾಡದೆ, ಬೆಳಿಗ್ಗೆ ಬೇಗ ಹೋದೆ. ಮುದುಕರು ಕೆಲಸ ಬಿಟ್ಟಿರಲಿಲ್ಲ. ನಾನು ಹಾಳೆ ತೆಗೆಯುವ ಮೊದಲೇ ಅವರು ಮೊದಲನೆಯ ಎತ್ತಿನ ಹಗ್ಗ ಬಿಚ್ಚಿ, ನಾಲ್ಕು ಹೆಜ್ಜೆ ನಡೆಸಿ, ಪೂರ್ತಿ ಒಂದು ಸುತ್ತು ತಿರುಗಿಸಿ ನಿಲ್ಲಿಸಿದರು. “ಈ ಕಡಿನೂ ನೋಡ್ರಿ,” ಎಂದರು. ಎರಡನೆಯದನ್ನೂ ಹಾಗೇ ಬಿಚ್ಚಿದರು, ಮೂರನೆಯದನ್ನೂ. ನಾನು ಎರಡೂ ಕಡೆ ನೋಡಿ ಬರೆದುಕೊಂಡೆ. ಖಾಲಿ ಜಾಗದ ಗೋಡೆ ಹಾಗೇ ನುಣುಪಾಗಿ ಇತ್ತು. ಅಲ್ಲಿಗೆ ಬಂದಾಗ ಅವರು ನಿಂತರು.

“ಆ ಸಾಂಬ್ರಾ ಕೊಟ್ಟಿಗ್ಯಾಗ ಉಸುಕು ಹಾಸಿರ್ತಾರಂತ. ಎತ್ತಾಕ ರಾಟಿ ಐತಂತ. ಆಮ್ಯಾಲ ಮತ್ತ ಬಂದಾಗ ಡಾಕ್ಟರ್ ಹೇಳಿದ್ರು. ಖರೇ ಏನ್ರಿ?”

“ಖರೇ ಕಾಕಾ.”

“ನೀವು ಹೇಳಿದ್ದಿಲ್ಲ,” ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ಎತ್ತಿನ ಹಗ್ಗ ಬಿಚ್ಚಲು ಬಗ್ಗಿದರು.